ಬೆಟ್ಟದ ಹಳೆಯ ಗಾಲ್ಫ್ ಮೈದಾನ: ಗ್ರೀನ್ ಅಗೆಯುವುದೇ, ಉಳಿಸಿಕೊಳ್ಳುವುದೇ?

ಊಟಿಯ ಫಿಂಗರ್‌ಪೋಸ್ಟ್ ಬಳಿಯ ಜಿಮ್ಖಾನಾ ಮೈದಾನ, ಕೂನೂರಿನ ಪಕ್ಕದ ವೆಲಿಂಗ್ಟನ್ ಜಿಮ್ಖಾನಾ ಮೈದಾನ, ಇಂಥ ಬ್ರಿಟಿಷರ ಕಾಲದ ಬೆಟ್ಟದ ಮೈದಾನಗಳ ಮೇಲೆ ಕನ್ನಡಿಗರಿಗೆ ಪ್ರೀತಿ ಇರುವುದು ಸಹಜ. ನೀಲಗಿರಿಯಲ್ಲೇ ತಲೆಮಾರುಗಳಿಂದ ನೆಲೆಸಿದ ಕನ್ನಡದ ಮನೆಗಳಿವೆ. ಮೈಸೂರು, ಬೆಂಗಳೂರಿನಿಂದ ಬಂಡೀಪುರ, ಮುದುಮಲೆ ದಾಟಿ ಆಡಲು ಬರುವವರಿದ್ದಾರೆ. ಇವರು ಒಂದೆಡೆ ಸೇರಿದಾಗ ಗ್ರೀನು (ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲುಹಾಸು), ಬಂಕರುಗಳ (ಚೆಂಡಿಗೆ ಅಡ್ಡಿಯಾಗಿ ಮಾಡಿದ ಮರಳಿನ ಗುಂಡಿಗಳ) ಜೀರ್ಣೋದ್ಧಾರದ ಮಾತು ಬಂದರೆ ‘ಎಲ್ಲ ಅಗೆದು ಹೊಸದಾಗಿ ಕಟ್ಟೋಣ’ ಎನ್ನುವವರೂ ‘ಏನನ್ನೂ ಮುಟ್ಟಬೇಡಿ’ ಎನ್ನುವವರೂ ಎದುರುಬದುರಾಗುತ್ತಾರೆ. ಈ ಎರಡರ ನಡುವೆ ಇರುವ ಆಯ್ಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಬರಹದ ಕೆಲಸ. ಯಾವುದೇ ಒಂದು ಕ್ಲಬ್ಬಿನ ಸ್ಥಿತಿಯನ್ನು ಕುರಿತು ಇದನ್ನು ಬರೆಯುತ್ತಿಲ್ಲ. ನೀಲಗಿರಿಯ ಮಳೆ, ಮಂಜು, ಮಣ್ಣು, ರಸ್ತೆಗಳನ್ನು ಲೆಕ್ಕಕ್ಕೆ ಹಿಡಿದು ಬರೆಯುತ್ತಿದ್ದೇನೆ. ಕೊಡಗು, ಚಿಕ್ಕಮಗಳೂರಿನ ಮೈದಾನಗಳವರಿಗೂ ಇದರಲ್ಲಿ ಬಹಳಷ್ಟು ಅನ್ವಯಿಸುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಗ್ರೀನಿನ ಬೆಲೆ ಇರುವುದು ಅದರ ಏರಿಳಿತದಲ್ಲಿ. ಮಣ್ಣನ್ನು ಬದಲಿಸಬಹುದು, ಹುಲ್ಲನ್ನು ಬದಲಿಸಬಹುದು. ಆದರೆ ಗುದ್ದಲಿ, ಬಾಂಡ್ಲಿ ಹಿಡಿದವರು ಬೆಟ್ಟದ ಇಳಿಜಾರಿಗೆ ಹೊಂದಿಸಿ ಮಾಡಿಟ್ಟ ಉಬ್ಬುತಗ್ಗು ಒಮ್ಮೆ ಹೋದರೆ ಹೋದಂತೆಯೇ. ಗುತ್ತಿಗೆದಾರರು ಯಾವ ಯೋಜನೆ ಮುಂದಿಟ್ಟರೂ ಏರಿಳಿತ ಉಳಿಯುತ್ತದೆಯೇ ಎಂದು ಮೊದಲು ಕೇಳಬೇಕು.

ಯಾವ ಕಾಲಕ್ಕೆ ಮರಳುವುದು?

ಜೀರ್ಣೋದ್ಧಾರ ಎಂದರೆ ಹಿಂದಿನ ರೂಪಕ್ಕೆ ತರುವುದು. ಹಿಂದಿನದು ಎಂದರೆ ಯಾವ ವರ್ಷದ್ದು ಎಂಬ ಪ್ರಶ್ನೆಯನ್ನು ಮಾತ್ರ ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಭಾರತದಲ್ಲಿ ಈ ಆಟದ ಇತಿಹಾಸ ಉದ್ದವಾದದ್ದು. ರಾಯಲ್ ಕಲ್ಕತ್ತಾ ಕ್ಲಬ್ 1829ರದ್ದು, ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಆ ಕಾಲದ ಹಲವು ಮೈದಾನಗಳಲ್ಲಿ ಕುಳಿಯ ಸುತ್ತ ಹುಲ್ಲೇ ಇರಲಿಲ್ಲ. ಹದಗೊಳಿಸಿದ ಮರಳನ್ನು ಸಮ ಮಾಡಿದ ‘ಬ್ರೌನ್’ ಇರುತ್ತಿತ್ತು. ಅಲ್ಲಿಗೆ ಮರಳಬೇಕೆಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಮೈದಾನ ತನ್ನ ಅತ್ಯುತ್ತಮ ರೂಪದಲ್ಲಿದ್ದ ಕಾಲ ಯಾವುದು, ಅದಕ್ಕೆ ಸಾಕ್ಷ್ಯ ಏನಿದೆ ಎಂಬ ಎರಡನ್ನೂ ಕೂಡಿಸಿ ವರ್ಷವನ್ನು ನಿರ್ಧರಿಸಬೇಕು.

ಅಮೆರಿಕದ ಪೈನ್‌ಹರ್ಸ್ಟ್ ಎರಡನೇ ಮೈದಾನ ಇದಕ್ಕೆ ಒಳ್ಳೆಯ ಮಾದರಿ. ಡೊನಾಲ್ಡ್ ರಾಸ್ ರೂಪಿಸಿದ ಅದನ್ನು 2010-11ರಲ್ಲಿ ಮೈದಾನ ವಿನ್ಯಾಸಕರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಹಿಂದಿನ ರೂಪಕ್ಕೆ ತಂದರು. ಅವರ ಕೈಗೆ ಸಿಕ್ಕ ಮುಖ್ಯ ಆಧಾರ 1943ರ ವೈಮಾನಿಕ ಚಿತ್ರಗಳು. ಫೇರ್‌ವೇಗಳ (ಗ್ರೀನಿನತ್ತ ಸಾಗುವ ಹುಲ್ಲುಹಾದಿಗಳ) ಅಂಚಿನಲ್ಲಿ ನಂತರದ ದಶಕಗಳಲ್ಲಿ ಬೆಳೆಸಿದ್ದ ಹುಲ್ಲನ್ನು ಎಕರೆಗಟ್ಟಲೆ ತೆಗೆದು, ಮರಳು ಮತ್ತು ಕಾಡುಹುಲ್ಲು ಮತ್ತೆ ಕಾಣುವಂತೆ ಮಾಡಿದರು. 2014ರಲ್ಲಿ ಪುರುಷರ ಮತ್ತು ಮಹಿಳೆಯರ ಯು.ಎಸ್. ಓಪನ್ ಎರಡೂ ಒಂದರ ಹಿಂದೆ ಒಂದು ವಾರ ಅಲ್ಲೇ ನಡೆದವು. ಹೊಸದಾಗಿ ಸೇರಿಸಿದ್ದಕ್ಕಿಂತ ತೆಗೆದುಹಾಕಿದ್ದೇ ಹೆಚ್ಚು ಎಂಬುದು ಆ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ.

ನಮ್ಮ ಬೆಟ್ಟದ ಮೈದಾನಗಳಿಗೆ ಅಂಥ ಚಿತ್ರ ಸಿಗದೆ ಹೋದರೂ ಸಾಕ್ಷ್ಯಕ್ಕೆ ಬರವಿಲ್ಲ. ಕ್ಲಬ್ಬಿನ ಗೋಡೆಯ ಮೇಲೆ ಬಹುಮಾನ ವಿತರಣೆಯ ಕಪ್ಪುಬಿಳುಪು ಫೋಟೋಗಳಿರುತ್ತವೆ. ಅವುಗಳಲ್ಲಿ ಮನುಷ್ಯರ ಹಿಂದೆ ಕಾಣುವ ಬಂಕರನ್ನು ನೋಡಿ. ಆಟಗಾರರ ಚೀಲ ಹೊರುವ ಹಿರಿಯ ಕ್ಯಾಡಿಗಳನ್ನು ಕೂರಿಸಿಕೊಂಡು ಒಂದೊಂದೇ ಗ್ರೀನಿನ ಬಗ್ಗೆ ಕೇಳಿ, ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ನೆಲವೇ. ಹುಲ್ಲು ಕತ್ತರಿಸುವ ಯಂತ್ರ ಪ್ರತಿ ವರ್ಷ ಅಂಚಿನಲ್ಲಿ ಬೆರಳಗಲ ಒಳಕ್ಕೆ ಸರಿದರೂ ದಶಕಗಳಲ್ಲಿ ಗ್ರೀನ್ ಎರಡು ಮೂರು ಮೀಟರ್ ಕುಗ್ಗುತ್ತದೆ. ಚೌಕವಾಗಿದ್ದ ಮೂಲೆಗಳೆಲ್ಲ ಹೋಗಿ ಮೊಟ್ಟೆಯಾಕಾರವಾಗುತ್ತದೆ. ಮಣ್ಣಿನ ಮಾದರಿ ತೆಗೆಯುವ ಉಕ್ಕಿನ ಕೊಳವೆಯನ್ನು ಈಗಿನ ಅಂಚಿನಿಂದ ಹೊರಕ್ಕೆ ಅರ್ಧ ಅರ್ಧ ಮೀಟರಿಗೆ ಒಂದರಂತೆ ಒತ್ತಿ ನೋಡಿ. ಒಳಗಡೆ ತೆಗೆದ ಮಾದರಿಯಲ್ಲಿ ಮೇಲೆ ಕಂದು ಬೇರಿನ ಪದರ, ಅದರ ಕೆಳಗೆ ವರ್ಷವರ್ಷ ಹರಡಿದ ಮರಳಿನ ತೆಳು ಗೆರೆಗಳು, ಆಮೇಲೆ ಕಪ್ಪು ಮಣ್ಣು ಕಾಣುತ್ತದೆ. ಹೊರಕ್ಕೆ ಹೋದಂತೆ ಗೆರೆಗಳು ಕಡಿಮೆಯಾಗುತ್ತಾ ಬಂದು, ಒಂದು ಕಡೆ ಮರಳು ಪೂರ್ತಿ ನಿಂತು ಬರೀ ಮಣ್ಣು ಬರುತ್ತದೆ. ಹಳೆಯ ಗ್ರೀನಿನ ಅಂಚು ಅದೇ. ಅಲ್ಲೊಂದು ಚಿಕ್ಕ ಬಾವುಟ ನೆಟ್ಟು ಮುಂದಕ್ಕೆ ಹೋಗಿ. ಸುತ್ತ ಬಂದಾಗ ಬಾವುಟಗಳ ಸಾಲು ಕಳೆದುಹೋದ ಗ್ರೀನನ್ನು ಬಿಡಿಸಿ ತೋರಿಸುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡುವ ಮೊದಲು ಮಾಡಬಹುದಾದ, ಖರ್ಚೇ ಇಲ್ಲದ ಕೆಲಸ ಇದು. ಅಂಚನ್ನು ನಿಧಾನವಾಗಿ ತಗ್ಗಿಸಿ ಕತ್ತರಿಸುತ್ತಾ ಹೊರಕ್ಕೆ ಒಯ್ದರೆ ಹಳೆಯ ಕುಳಿಜಾಗಗಳು, ಎಂದರೆ ಕುಳಿ ತೋಡಬಹುದಾದ ಕಡೆಗಳು, ಮರಳಿ ಸಿಗುತ್ತವೆ.

ಗ್ರೀನ್: ಮರಳು ಹರಡುವುದು, ಕೊಳವೆ ಹಾಕುವುದು, ಪೂರ್ತಿ ಕಟ್ಟುವುದು

ಹಳೆಯ ಗ್ರೀನುಗಳು ಸ್ಥಳದ ಮಣ್ಣನ್ನೇ ಗುಡ್ಡೆಹಾಕಿ ರೂಪಿಸಿದಂಥವು. ನೀಲಗಿರಿಯ ಮೇಲ್ಮಣ್ಣು ಕಪ್ಪಗೆ, ಸಾವಯವ ಅಂಶ ತುಂಬಿಕೊಂಡು, ಆಮ್ಲೀಯವಾಗಿರುತ್ತದೆ. ಕೆಳಗೆ ಕೆಂಪು ಜೇಡಿ. ಜೂನ್‌ನಿಂದ ನೈರುತ್ಯ ಮಳೆ, ಅಕ್ಟೋಬರಿನಿಂದ ಈಶಾನ್ಯ ಮಳೆ, ಎರಡನ್ನೂ ಈ ಮಣ್ಣು ಕುಡಿಯಬೇಕು. ಹಾಗಾಗಿ ಗ್ರೀನ್ ಕೆಟ್ಟಿದೆ ಎನ್ನುವವರ ದೂರು ಬಹುತೇಕ ನೀರಿನ ದೂರೇ ಆಗಿರುತ್ತದೆ.

ಅದನ್ನು ಅಳೆಯದೆ ಯಾವ ನಿರ್ಧಾರವೂ ಬೇಡ. ಒಂದು ಅಡಿ ಉದ್ದದ, ಆರು ಇಂಚು ಅಗಲದ ಕೊಳವೆ ತುಂಡನ್ನು ಗ್ರೀನಿಗೆ ಎರಡು ಇಂಚು ಬಡಿದು ಕೂರಿಸಿ, ನೆಲ ಚೆನ್ನಾಗಿ ನೆನೆಯುವವರೆಗೆ ನೀರು ಹಾಕಿ. ನಂತರ ತುಂಬಿದ ನೀರು ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಗುರುತು ಮಾಡಿ. ಎತ್ತರದ ಭಾಗ, ನಡುಭಾಗ, ತಗ್ಗು ಎಂದು ಪ್ರತಿ ಗ್ರೀನಿನಲ್ಲೂ ಮೂರು ಕಡೆ ಮಾಡಿದರೆ ಮೈದಾನದ ಹದಿನೆಂಟು ಗ್ರೀನುಗಳಲ್ಲಿ ನಿಜವಾಗಿ ಕಾಯಿಲೆ ಬಿದ್ದವು ಯಾವುವು ಎಂದು ತಿಳಿಯುತ್ತದೆ. ಎಲ್ಲವೂ ಕೆಟ್ಟಿರುವುದು ಅಪರೂಪ.

ಮೊದಲ ದಾರಿ ಸರಳವಾದದ್ದು. ಟೊಳ್ಳು ಮೊಳೆಯ ಯಂತ್ರದಿಂದ ಮಣ್ಣಿನ ತುಂಡುಗಳನ್ನು ಹೊರತೆಗೆದು, ಆ ತೂತುಗಳಿಗೆ ಒಣ ಮರಳು ತುಂಬುವುದು. ಇನ್ನೂ ಆಳಕ್ಕೆ, ಸುಮಾರು ಒಂದು ಅಡಿಯವರೆಗೆ, ಕೊರೆದು ಮರಳು ತುಂಬುವ ಯಂತ್ರಗಳೂ ಇವೆ. ಏರಿಳಿತಕ್ಕೆ ಏನೂ ಆಗುವುದಿಲ್ಲ, ಆಟ ನಿಲ್ಲುವುದಿಲ್ಲ. ಆದರೆ ಇದು ವರ್ಷಗಳ ಕೆಲಸ. ಕಮಿಟಿ ಬದಲಾದಾಗಲೆಲ್ಲ ನಿಲ್ಲಿಸಿ ಮತ್ತೆ ಶುರುಮಾಡಿದರೆ ಮರಳು, ಮಣ್ಣು, ಮರಳು ಎಂದು ಪದರಗಳಾಗಿ ನೀರು ಮೊದಲಿಗಿಂತ ಹೆಚ್ಚು ನಿಲ್ಲುತ್ತದೆ. ಪ್ರತಿ ಬಾರಿಯೂ ಒಂದೇ ಬಗೆಯ ಮರಳು ಸಿಗುವಂತಿದ್ದರೆ ಮಾತ್ರ ಕೈಹಾಕಿ.

ಎರಡನೆಯದು, ಇರುವ ಗ್ರೀನಿನೊಳಗೇ ಚರಂಡಿ ಹಾಕುವುದು. ಹುಲ್ಲಿನ ಪಟ್ಟಿಯನ್ನು ಎತ್ತಿಟ್ಟು, ಕಿರಿದಾದ ಕಾಲುವೆ ತೋಡಿ, ಎರಡಿಂಚಿನ ತೂತುಕೊಳವೆ ಕೂರಿಸಿ, ಮೇಲೆ ಮರಳು ಮಿಶ್ರಣ ತುಂಬಿ, ಅದೇ ಹುಲ್ಲನ್ನು ಮತ್ತೆ ಹಾಸುತ್ತಾರೆ. ಕಾಲುವೆಗಳ ನಡುವೆ ಸುಮಾರು ಆರಡಿ ಅಂತರ. ತೋಡಿದ ಮಣ್ಣನ್ನು ಗ್ರೀನಿನ ಮೇಲೆ ಚೆಲ್ಲದೆ ಹಲಗೆ ಹಾಸಿ ಹೊರಕ್ಕೆ ಸಾಗಿಸುವ ಶಿಸ್ತುಳ್ಳ ತಂಡವಾದರೆ ಕೆಲವೇ ದಿನಗಳಲ್ಲಿ ಗ್ರೀನ್ ಆಟಕ್ಕೆ ಸಿದ್ಧ. ಹೊಲಿಗೆಯ ಗುರುತು ಕೆಲವು ತಿಂಗಳು ಕಾಣುತ್ತದೆ, ಆಮೇಲೆ ಮಾಯವಾಗುತ್ತದೆ. ಬೆಟ್ಟದ ಗ್ರೀನಿಗೆ ಸಹಜ ಇಳಿಜಾರು ಇರುವುದರಿಂದ ನೀರು ಹೊರಹೋಗುವ ಬಾಯಿ ಸುಲಭವಾಗಿ ಸಿಗುತ್ತದೆ. ನೀಲಗಿರಿಯಂಥ ಜಾಗಕ್ಕೆ ಮೊದಲ ದಾರಿಯನ್ನೂ ಇದನ್ನೂ ಸೇರಿಸಿ ಮಾಡುವುದೇ ಹೆಚ್ಚಿನ ಗ್ರೀನುಗಳಿಗೆ ಸರಿ ಎಂಬುದು ನನ್ನ ದೃಢ ಅಭಿಪ್ರಾಯ.

ಮೂರನೆಯದು ಪೂರ್ತಿ ಅಗೆದು ಕಟ್ಟುವುದು. ಅಮೆರಿಕದ ಗಾಲ್ಫ್ ಸಂಘವಾದ ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿದ, ಮತ್ತೆ ಮತ್ತೆ ಪರಿಷ್ಕರಿಸಿದ ವಿಧಾನ ಇದರಲ್ಲಿ ಹೆಚ್ಚು ಪ್ರಸಿದ್ಧ. ತಳದಲ್ಲಿ ಕೊಳವೆಗಳು, ಅದರ ಮೇಲೆ ನಾಲ್ಕಿಂಚು ಜಲ್ಲಿ, ಅದರ ಮೇಲೆ ಹನ್ನೆರಡು ಇಂಚು ಮರಳು ಪ್ರಧಾನವಾದ ಬೇರುಪದರ. ಆ ಪದರದ ಕಣಗಳಲ್ಲಿ ಕನಿಷ್ಠ ಶೇ. 60ರಷ್ಟು ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರಿನೊಳಗಿರಬೇಕು. ಜಲ್ಲಿಯ ಗಾತ್ರಕ್ಕೂ ಮರಳಿನ ಗಾತ್ರಕ್ಕೂ ಹೊಂದಾಣಿಕೆ ಇರಬೇಕು, ಇಲ್ಲದಿದ್ದರೆ ಮರಳು ಜಲ್ಲಿಯೊಳಗೆ ಇಳಿದು ಚರಂಡಿ ಕಟ್ಟಿಕೊಳ್ಳುತ್ತದೆ. ಜಲ್ಲಿ ಪದರವಿಲ್ಲದೆ ನೇರವಾಗಿ ಮಣ್ಣಿನ ಮೇಲೆ ಮರಳು ತುಂಬುವ ಕ್ಯಾಲಿಫೋರ್ನಿಯಾ ವಿಧಾನವೂ ಇದೆ, ಖರ್ಚು ಕಡಿಮೆ. ಆದರೆ ಬಿಸಿಲುಗಾಲದಲ್ಲಿ ಅದು ಬೇಗ ಒಣಗುತ್ತದೆ. ಯುಎಸ್‌ಜಿಎ ಗ್ರೀನಿನಲ್ಲಿ ಜಲ್ಲಿಯ ಮೇಲ್ಭಾಗದಲ್ಲಿ ಸ್ವಲ್ಪ ನೀರು ತೂಗಿಕೊಂಡು ನಿಂತು ಬೇರಿಗೆ ಒದಗುತ್ತದೆ. ಕಟ್ಟಡದ ಗುಣಮಟ್ಟದಲ್ಲಿ ಇದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ.

ಆದರೆ ಲೆಕ್ಕ ಹಾಕಿ ನೋಡಿ. ಐನೂರು ಚದರ ಮೀಟರಿನ ಒಂದು ಗ್ರೀನಿಗೆ ನೂರೈವತ್ತು ಘನ ಮೀಟರ್ ಬೇರುಪದರ, ಐವತ್ತು ಘನ ಮೀಟರ್ ಜಲ್ಲಿ ಬೇಕು. ತೂಕದಲ್ಲಿ ಮುನ್ನೂರು ಟನ್ ದಾಟುತ್ತದೆ. ಹತ್ತು ಟನ್ನಿನ ಲಾರಿಯಾದರೆ ಒಂದು ಗ್ರೀನಿಗೆ ಮೂವತ್ತಕ್ಕೂ ಹೆಚ್ಚು ಲೋಡು, ಹದಿನೆಂಟಕ್ಕೆ ಐನೂರಕ್ಕೂ ಹೆಚ್ಚು. ಇಷ್ಟೂ ಬೆಟ್ಟ ಹತ್ತಬೇಕು. ಮೈಸೂರಿನ ಕಡೆಯಿಂದ ಬರುವ ಲಾರಿಗೆ ಬಂಡೀಪುರ, ಮುದುಮಲೆಯ ಕಾಡುರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮಸಿನಗುಡಿಯಿಂದ ನೇರ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ, ತುಂಬಿದ ಲಾರಿಗೆ ಅದು ದಾರಿಯೇ ಅಲ್ಲ. ಉಳಿದದ್ದು ಗೂಡಲೂರು ಮಾರ್ಗ, ಇಲ್ಲವೇ ಕೊಯಮತ್ತೂರಿನ ಕಡೆಯಿಂದ ಮೇಟುಪಾಳ್ಯಂ ಘಾಟಿ. ನೀಲಗಿರಿಯಲ್ಲಿ ಮಣ್ಣು ಅಗೆಯುವ ಭಾರಿ ಯಂತ್ರ ಇಳಿಸಲು ಜಿಲ್ಲಾಡಳಿತದ ಅನುಮತಿಯೂ ಬೇಕು. ಈ ಖರ್ಚು ಮತ್ತು ವಿಳಂಬವನ್ನು ಮೊದಲ ಪುಟದಲ್ಲೇ ಬರೆಯದ ಯಾವ ಅಂದಾಜುಪಟ್ಟಿಯನ್ನೂ ನಂಬಬೇಡಿ.

ನೀರಿನ ಪರೀಕ್ಷೆಯಲ್ಲಿ ಪೂರ್ತಿ ಸೋತ ಒಂದೆರಡು ಗ್ರೀನುಗಳನ್ನು ಕಟ್ಟಲೇಬೇಕಾಗಿ ಬಂದರೆ, ಅಗೆಯುವ ಮೊದಲು ಲೇಸರ್ ಅಥವಾ ಡ್ರೋನ್ ಸಮೀಕ್ಷೆಯಿಂದ ಇಡೀ ಮೇಲ್ಮೈಯ ಎತ್ತರವನ್ನು ದಾಖಲಿಸಿಕೊಳ್ಳಿ. ಹೊಸ ಪದರ ಕೂರಿಸಿದ ಮೇಲೆ ಅದೇ ಎತ್ತರಗಳಿಗೆ ಹೊಂದಿಸಬೇಕೆಂದು ಒಪ್ಪಂದದಲ್ಲಿ ಬರೆಸಿ. ಗುತ್ತಿಗೆದಾರರು ‘ಸ್ವಲ್ಪ ಸಮ ಮಾಡಿದರೆ ಕುಳಿಜಾಗ ಹೆಚ್ಚು ಸಿಗುತ್ತದೆ’ ಎನ್ನುತ್ತಾರೆ. ಅವರ ಮಾತಿನ ಹಿಂದೆ ವೇಗದ ಆಸೆ ಇದೆ. ಗ್ರೀನಿನ ವೇಗವನ್ನು ಸ್ಟಿಂಪ್‌ಮೀಟರ್ ಎಂಬ ಓರೆ ಪಟ್ಟಿಯಿಂದ ಚೆಂಡು ಉರುಳಿಬಿಟ್ಟು, ಅದು ಹೋದ ದೂರವನ್ನು ಅಡಿಗಳಲ್ಲಿ ಅಳೆಯುತ್ತಾರೆ. ದೂರದರ್ಶನದಲ್ಲಿ ಕಾಣುವ ಹನ್ನೆರಡು ಅಡಿಯ ವೇಗದಲ್ಲಿ ಶೇ. 4ರ ಇಳಿಜಾರಿನ ಮೇಲೆ ಚೆಂಡನ್ನು ಕುಳಿಯ ಬಳಿ ನಿಲ್ಲಿಸುವುದೇ ಕಷ್ಟ. ಎಂಟು, ಒಂಬತ್ತು ಅಡಿಯ ವೇಗದಲ್ಲಿ ಅದೇ ಇಳಿಜಾರು ಆಟದ ಸೊಗಸಾಗುತ್ತದೆ. ಇಳಿಜಾರನ್ನು ಕೆಡವುವುದಕ್ಕಿಂತ ಹುಲ್ಲನ್ನು ಒಂದು ಮಿಲಿಮೀಟರ್ ಎತ್ತರ ಬಿಡುವುದು ಎಷ್ಟೋ ಮೇಲು. ಹುಲ್ಲೂ ಆರೋಗ್ಯವಾಗಿರುತ್ತದೆ.

ಇನ್ನೊಂದು ಮಾತು, ನೆರಳು. ನೀಲಗಿರಿ ಮರ, ವ್ಯಾಟಲ್, ಪೈನ್‌ಗಳ ಪೂರ್ವದ ನೆರಳಿನಲ್ಲಿರುವ ಗ್ರೀನಿಗೆ ಡಿಸೆಂಬರ್, ಜನವರಿಯ ಮಂಜು ಹೊತ್ತೇರಿದರೂ ಕರಗುವುದಿಲ್ಲ, ಮಳೆಗಾಲದಲ್ಲಿ ಒಣಗುವುದಿಲ್ಲ. ಅಂಥ ಗ್ರೀನನ್ನು ಎಷ್ಟು ಹಣ ಹಾಕಿ ಕಟ್ಟಿದರೂ ಪಾಚಿ ಹಿಡಿಯುತ್ತದೆ. ಅಮೆರಿಕದ ಓಕ್‌ಮಾಂಟ್ ಕ್ಲಬ್ ಸಾವಿರಾರು ಮರಗಳನ್ನು ತೆಗೆಸಿ ತನ್ನ ಹಳೆಯ ಬಯಲು ರೂಪಕ್ಕೆ ಮರಳಿತು. ನಮ್ಮಲ್ಲಿ ಗುಡ್ಡಪ್ರದೇಶದ ಮರಗಳ ರಕ್ಷಣೆಗೆ ತಮಿಳುನಾಡಿನ 1955ರ ಕಾಯ್ದೆ ಇದೆ, ಅನುಮತಿಯಿಲ್ಲದೆ ಕೊಡಲಿ ಎತ್ತುವಂತಿಲ್ಲ. ಶೋಲಾ ಮರಗಳನ್ನು ಮುಟ್ಟುವ ಮಾತೇ ಬೇಡ. ಪರದೇಶದಿಂದ ತಂದು ನೆಟ್ಟವುಗಳಲ್ಲಿ ಯಾವುವು ಬೆಳಗಿನ ಬಿಸಿಲನ್ನು ತಡೆಯುತ್ತಿವೆ ಎಂದು ಗುರುತಿಸಿ ಅರ್ಜಿ ಹಾಕಿ.

ಹುಲ್ಲಿನ ಆಯ್ಕೆ

ಇಲ್ಲಿ ಎತ್ತರವೇ ಅರ್ಧ ತೀರ್ಮಾನ ಮಾಡುತ್ತದೆ. ಬರ್ಮುಡಾ ಎಂದರೆ ನಮ್ಮ ಗರಿಕೆಯ ಜಾತಿ. ಟಿಫ್‌ಡ್ವಾರ್ಫ್, ಟಿಫ್‌ಈಗಲ್ ಮುಂತಾದ ಗ್ರೀನ್ ತಳಿಗಳು ಅದರ ಸಂಕರ ಸಂತಾನ. ಬಿಸಿಲು ಬೇಡುವ ಈ ಹುಲ್ಲು ಹೊಸೂರಿನಂಥ ಬಯಲಿಗೆ ಹೇಳಿ ಮಾಡಿಸಿದ್ದು. ಸುಮಾರು 2,240 ಮೀಟರ್ ಎತ್ತರದ ಊಟಿಯ ಚಳಿಗೆ ಅದು ಮಂಕಾಗಿ ನಿದ್ದೆ ಹೋಗುತ್ತದೆ. ತಂಪಿನ ಹುಲ್ಲಾದ ಬೆಂಟ್ ಊಟಿಯ ಹವೆಗೆ ಒಗ್ಗುತ್ತದೆ, ಆದರೆ ತೇವದಲ್ಲಿ ಶಿಲೀಂಧ್ರ ರೋಗಗಳಿಗೆ ಬೇಗ ಸಿಲುಕುತ್ತದೆ. ಅದಕ್ಕೆ ಹೊಡೆಯುವ ಔಷಧ ಬೆಟ್ಟದ ತೊರೆಗಳಿಗೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ಮೂರನೆಯ ಆಯ್ಕೆ, ದಶಕಗಳಿಂದ ತಾನಾಗಿ ನೆಲೆಗೊಂಡ ಮಿಶ್ರ ಹುಲ್ಲನ್ನೇ ಚೆನ್ನಾಗಿ ನೋಡಿಕೊಳ್ಳುವುದು. ತಂಪು ಪ್ರದೇಶದ ಗ್ರೀನುಗಳಲ್ಲಿ ಪೋವಾ ಎಂಬ ಹುಲ್ಲು ತಾನೇ ಬಂದು ಸೇರಿಕೊಳ್ಳುತ್ತದೆ. ಅದನ್ನು ಕಳೆಯೆಂದು ಕೀಳುವವರೇ ಹೆಚ್ಚು. ಓಕ್‌ಮಾಂಟಿನ ಹೆಸರಾಂತ ಗ್ರೀನುಗಳು ಆ ಪೋವಾದಿಂದಲೇ ಆದವು. ಗ್ರೀನ್ ಅಗೆಯದಿದ್ದರೆ ಹುಲ್ಲನ್ನೂ ಬದಲಿಸಬೇಡಿ. ಯಾವ ದಾರಿ ಹಿಡಿದರೂ ಫೇರ್‌ವೇಯಿಂದ ನುಗ್ಗುವ ಕಿಕುಯು ಹುಲ್ಲನ್ನು ತಡೆಯಲು ಗ್ರೀನಿನ ಅಂಚನ್ನು ನಿಯಮಿತವಾಗಿ ಲಂಬವಾಗಿ ಕತ್ತರಿಸಲೇಬೇಕು. ಒಂದು ಮಳೆಗಾಲ ಬಿಟ್ಟರೆ ಅದು ಒಳಗೆ ಬೇರೂರಿರುತ್ತದೆ.

ಬಂಕರ್

ಬಂಕರಿನಲ್ಲಿ ಚರ್ಚೆ ಯಾವಾಗಲೂ ಮಣ್ಣಿಗೂ ಮರಳಿಗೂ ನಡುವೆ ಹಾಸುವ ಒಳಪದರದಿಂದ ಶುರುವಾಗುತ್ತದೆ, ಏಕೆಂದರೆ ಮಾರುವವರಿಗೆ ಮಾರಲು ಸಿಗುವ ವಸ್ತು ಅದು. ನಾನು ಆಕಾರದಿಂದ ಶುರುಮಾಡುತ್ತೇನೆ.

ಮರಳನ್ನು ಗೋಡೆಯ ಮೇಲಕ್ಕೆ ಏರಿಸಿ ದೂರದಿಂದ ಬೆಳ್ಳಗೆ ಹೊಳೆಯುವಂತೆ ಮಾಡಿದ ಬಂಕರ್ ಫೋಟೋದಲ್ಲಿ ಬಹಳ ಚೆಂದ. ನೀಲಗಿರಿಯ ಒಂದು ಜಡಿಮಳೆಗೆ ಆ ಮರಳೆಲ್ಲ ತಳಕ್ಕೆ ಇಳಿಯುತ್ತದೆ, ಗೋಡೆಯಲ್ಲಿ ಬೆರಳುದ್ದದ ಕೊರಕಲುಗಳು ಬೀಳುತ್ತವೆ, ಕೆಳಗಿನ ಕೆಂಪುಮಣ್ಣು ಎದ್ದು ಬಿಳಿ ಮರಳಿನ ಮೇಲೆ ತುಕ್ಕಿನ ಬಣ್ಣದ ಪಟ್ಟೆ ಹರಿಯುತ್ತದೆ. ಮರುದಿನ ನಾಲ್ಕು ಜನ ಸಲಿಕೆ ಹಿಡಿದು ಅದನ್ನು ಮೇಲಕ್ಕೆ ಎಸೆಯಬೇಕು. ಮಳೆಗಾಲವಿಡೀ ಇದೇ ಕೆಲಸ. ಎರಡನೆಯದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಮಾದರಿ. ಹುಲ್ಲುಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಕಡಿದಾದ ಗೋಡೆ. ಅಲ್ಲಿಯೇ ಅದನ್ನು ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ ಕಟ್ಟುತ್ತಾರೆ. ಕಾಟಿಗಳ ಹಿಂಡು, ಹುಳ ಹುಡುಕುವ ಕಾಡುಹಂದಿ ಓಡಾಡುವ ಬೆಟ್ಟದಲ್ಲಿ ಆ ಗೋಡೆ ಎಷ್ಟು ದಿನ ನಿಂತೀತು? ಮೂರನೆಯದು ಸಮತಟ್ಟಾದ ಮರಳಿನ ತಳ, ಸುತ್ತ ಹುಲ್ಲು ಹೊದ್ದ ಓರೆ ಗೋಡೆ. ನೀಲಗಿರಿಗೆ ಇದೇ ತಕ್ಕದ್ದು. ಗೋಡೆಯ ಹುಲ್ಲು ಮಣ್ಣನ್ನು ಹಿಡಿಯುತ್ತದೆ, ಮರಳು ಸಮತಳದಲ್ಲಿ ಕದಲದೆ ಕೂರುತ್ತದೆ. ಹಳೆಯ ಫೋಟೋದಲ್ಲಿ ಮರಳು ಗೋಡೆಯ ಮೇಲಿದ್ದದ್ದು ಸ್ಪಷ್ಟವಾಗಿ ಕಂಡರೆ ಒಂದೆರಡು ಮುಖ್ಯ ಬಂಕರುಗಳಲ್ಲಿ ಮಾತ್ರ ಹಾಗೆ ಮಾಡಿ, ಅವುಗಳ ಆರೈಕೆಗೆ ಜನರನ್ನೂ ಇಡಿ.

ಮೇಲಿನ ಇಳಿಜಾರಿನ ನೀರು ಬಂಕರಿಗೆ ಬೀಳದಂತೆ ಅದರ ನೆತ್ತಿಯಲ್ಲಿ ಆಳವಿಲ್ಲದ ಅಗಲ ಕಾಲುವೆ ಮಾಡಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ತಳದಲ್ಲಿ ನಾಲ್ಕಿಂಚಿನ ಕೊಳವೆ, ಜಲ್ಲಿ ತುಂಬಿದ ಕಾಲುವೆ. ಕೊಳವೆಯ ಹೊರಬಾಯಿ ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತು ಹಾಕದಿದ್ದರೆ ಅದು ಹುಲ್ಲಿನಡಿ ಹೂತುಹೋಗಿ, ಮೊದಲ ದೊಡ್ಡ ಮಳೆಗೇ ಬಂಕರ್ ಕೊಳವಾಗುತ್ತದೆ.

ಇಷ್ಟಾದ ಮೇಲೆ ಒಳಪದರ. ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಅಗ್ಗ. ಸಮತಳದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗೋಡೆಯ ಮೇಲಾದರೆ ಮರಳು ಜಾರಿ, ಕುಂಟೆಯ ಹಲ್ಲಿಗೆ ಸಿಕ್ಕಿ ಹರಿದು, ಹರಕು ಚೂರುಗಳು ಮೇಲೆದ್ದು ಆಟಗಾರರ ಗಾಲ್ಫ್ ಕೋಲಿಗೆ ತೊಡರುತ್ತವೆ. ಪಾಲಿಮರಿನಿಂದ ಅಂಟಿಸಿದ ಜಲ್ಲಿಪದರ ಮತ್ತು ನೀರು ಸೋಸುವ ರಂಧ್ರಯುಕ್ತ ಕಾಂಕ್ರೀಟ್ ಎರಡೂ ಬಾಳಿಕೆಯಲ್ಲಿ ಮುಂದಿವೆ, ಬೆಲೆಯಲ್ಲೂ ಮುಂದಿವೆ. ಗೋಡೆಗೆ ಹುಲ್ಲು ಹೊದಿಸಿದ ಬಂಕರಿಗೆ ಅವುಗಳ ಅಗತ್ಯ ಬಹುತೇಕ ಬೀಳುವುದಿಲ್ಲ. ಸ್ಥಳದ ಕಲ್ಲು ಮೇಲೆದ್ದು ಮರಳಿಗೆ ಸೇರುವ ಕಡೆ ಮಾತ್ರ ಆ ಖರ್ಚು ಸಾರ್ಥಕ. ಅದೇ ಹಣದಲ್ಲಿ ಬಂಕರುಗಳ ಸಂಖ್ಯೆಯ ಬಗ್ಗೆ ಯೋಚಿಸಿ. ಯಾವ ಹೊಡೆತಕ್ಕೂ ಅಡ್ಡಿಯಾಗದೆ ಸುಮ್ಮನೆ ಕುಳಿತಿರುವ, ಹಳೆಯ ಸಾಕ್ಷ್ಯದಲ್ಲಿ ಇಲ್ಲದ ಬಂಕರುಗಳನ್ನು ಹುಲ್ಲಿನ ಗುಳಿಗಳಾಗಿ ಮಾರ್ಪಡಿಸಿದರೆ ಆಟವೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ.

ಮರಳಿನ ವಿಷಯದಲ್ಲಿ, ನುಣುಪಾದ ದುಂಡು ಕಣದ ಮರಳಿನಲ್ಲಿ ಚೆಂಡು ಹೂತುಕೊಳ್ಳುತ್ತದೆ. ಮೂಲೆಗಳಿರುವ ಕಣದ ಮರಳು ಗಟ್ಟಿಯಾಗಿ ಕೂರುತ್ತದೆ. ನದಿ ಮರಳು ಸಿಗುವುದು ದುಸ್ತರವಾಗಿರುವ ಈ ಕಾಲದಲ್ಲಿ ಎಂ-ಸ್ಯಾಂಡ್ ಆಕಾರದ ದೃಷ್ಟಿಯಿಂದ ಬಂಕರಿಗೆ ಆಗುತ್ತದೆ, ಆದರೆ ತೊಳೆದು ಜರಡಿ ಹಿಡಿದದ್ದಾಗಿರಬೇಕು. ಗಾಜಿನ ಬಾಟಲಿಗೆ ಮೂರು ಬೆರಳು ಮರಳು ಹಾಕಿ, ನೀರು ತುಂಬಿ, ಜೋರಾಗಿ ಕುಲುಕಿ ರಾತ್ರಿ ಇಟ್ಟುಬಿಡಿ. ಬೆಳಿಗ್ಗೆ ಮರಳಿನ ಮೇಲೆ ಬೂದುಬಣ್ಣದ ಕೆನೆ ಕಟ್ಟಿದ್ದರೆ ಆ ಲೋಡನ್ನು ವಾಪಸು ಕಳಿಸಿ. ಆ ಧೂಳೇ ಮುಂದೆ ಕೊಳವೆಯನ್ನು ಕಟ್ಟುವುದು. ಎರಡು ಮಿಲಿಮೀಟರಿಗಿಂತ ದಪ್ಪ ಕಣಗಳೂ ಬೇಡ. ಬಂಕರಿನಿಂದ ಹೊಡೆದಾಗ ಅವು ಗ್ರೀನಿಗೆ ಹಾರಿ ಹುಲ್ಲು ಯಂತ್ರದ ಅಲಗು ಕೆಡಿಸುತ್ತವೆ. ತಳದಲ್ಲಿ ನಾಲ್ಕೈದು ಇಂಚು, ಅಂಚಿನಲ್ಲಿ ಎರಡಿಂಚು ದಪ್ಪ ಸಾಕು. ಗ್ರೀನಿಗೆ ಬಳಸುವ ಮರಳಿಗೆ ಮಾತ್ರ ಬಾಟಲಿ ಪರೀಕ್ಷೆ ಸಾಲದು, ಕಣಗಾತ್ರದ ಪ್ರಯೋಗಾಲಯ ವರದಿ ಬೇಕೇ ಬೇಕು.

ಯಾವಾಗ, ಯಾವ ಕ್ರಮದಲ್ಲಿ?

ಮಂಜು ಬೀಳುವ ತಿಂಗಳುಗಳು ಮುಗಿದು ನೈರುತ್ಯ ಮಳೆ ಶುರುವಾಗುವ ನಡುವಿನ ಫೆಬ್ರವರಿಯಿಂದ ಮೇವರೆಗಿನ ಕಾಲವೇ ಕೆಲಸಕ್ಕೆ ಇರುವ ಕಿಟಕಿ. ಅದರಲ್ಲಿ ಏಪ್ರಿಲ್, ಮೇ ಊಟಿಯ ಸೀಸನ್. ಫಲಪುಷ್ಪ ಪ್ರದರ್ಶನಕ್ಕೆ ಬರುವ ವಾಹನಗಳ ನಡುವೆ ಮರಳಿನ ಲಾರಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತದೆ, ಅತಿಥಿ ಆಟಗಾರರೂ ಹೆಚ್ಚು. ಹಾಗಾಗಿ ಮರಳು, ಜಲ್ಲಿ, ಕೊಳವೆಗಳನ್ನು ಜನವರಿಯೊಳಗೇ ಮೇಲೆ ತಂದು ಟಾರ್ಪಾಲಿನಡಿ ಕೂಡಿಟ್ಟುಕೊಳ್ಳಬೇಕು. ಫೆಬ್ರವರಿ, ಮಾರ್ಚಿನಲ್ಲಿ ಒಂಬತ್ತು ಹೋಲ್ ಮುಚ್ಚಿ ಚರಂಡಿ ಮತ್ತು ಬಂಕರ್ ಮುಗಿಸಿ, ಉಳಿದ ಒಂಬತ್ತನ್ನು ಮುಂದಿನ ವರ್ಷಕ್ಕೆ ಬಿಡುವುದು ಒಳ್ಳೆಯದು. ಪೂರ್ತಿ ಕಟ್ಟಿದ ಗ್ರೀನಿಗೆ ಬೀಜ ಬಿತ್ತಿದ ಮೇಲೆ ಆಟಕ್ಕೆ ತೆರೆಯಲು ಮೂರು ನಾಲ್ಕು ತಿಂಗಳಾದರೂ ಬೇಕು, ಅಷ್ಟು ಹೊತ್ತಿಗೆ ಮಳೆ ಹಿಡಿದಿರುತ್ತದೆ. ಆದ್ದರಿಂದ ಆ ಒಂದೆರಡು ಗ್ರೀನುಗಳನ್ನು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಂಡು, ಪಕ್ಕದಲ್ಲಿ ತಾತ್ಕಾಲಿಕ ಗ್ರೀನ್ ಸಿದ್ಧಪಡಿಸಿಕೊಳ್ಳಿ.

ಹಣ ಕಡಿಮೆಯಿದ್ದರೆ ಮೊದಲ ವರ್ಷ ಬಾವುಟ ನೆಟ್ಟು ಅಂಚು ಹುಡುಕುವುದು, ನೆರಳು ತೆಗೆಸುವುದು, ಬಂಕರಿನ ನೆತ್ತಿಯ ಕಾಲುವೆ ತೋಡುವುದು ಈ ಮೂರನ್ನೇ ಮಾಡಿ. ಒಂದು ಪೂರ್ಣ ಮಳೆಗಾಲ ಕಳೆದ ಮೇಲೆ ಮತ್ತೆ ಕೊಳವೆ ಬಡಿದು ನೀರಿನ ಪರೀಕ್ಷೆ ಮಾಡಿ. ಮೊದಲ ಸಲ ಸೋತ ಗ್ರೀನುಗಳಲ್ಲಿ ಕೆಲವು ಆ ಹೊತ್ತಿಗೆ ಪಟ್ಟಿಯಿಂದ ಹೊರಗೆ ಬಂದಿರುತ್ತವೆ. ಉಳಿದವುಗಳಿಗೆ ಮಾತ್ರ ಟೆಂಡರ್ ಕರೆಯಿರಿ.